ಹದಿನೇಳು ಗೆಜ್ಜೆ

ನಿನ್ನೆ ಸಂಜೆ ಟೀಚರ್ ಫೋನ್ ಮಾಡಿ, "ನಾಳೆ ಆ ಡಬ್ಬಿ ತಗೊಂಡು ಬಾ" ಎಂದರು. ಯಾವ ಡಬ್ಬಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರು ವರ್ಷದಿಂದ ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಹಪ್ಪಳದ ಡಬ್ಬಿಯ ಹಿಂದೆ, ಬಿಸ್ಕಿಟಿನದೊಂದು ಹಳೆಯ ಡಬ್ಬಿ ಇದೆ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ನಾನೂ ಧೂಳು ಒರೆಸುವಾಗ ಅದರ ಸುತ್ತ ಒರೆಸುತ್ತೇನೆ. ಅಲುಗಿಸಿದರೆ ಸದ್ದಾಗುತ್ತದೆ.

ಇಂದು ಬೆಳಿಗ್ಗೆ ಇವರು ಮೆಡಿಕಲ್ ಅಂಗಡಿಗೆ ಹೋದ ಮೇಲೆ ಡಬ್ಬಿ ಇಳಿಸಿ, ಹುಣಸೆಹಣ್ಣು ನೆನೆಹಾಕಿ, ಒಳಗಿದ್ದ ಗೆಜ್ಜೆಗಳನ್ನು ತಿಕ್ಕಲು ಕೂತೆ. ಹಿತ್ತಾಳೆಗೆ ಹುಣಸೆಹುಳಿ ತಾಗಿದಾಗ ಒಂದು ವಾಸನೆ ಬರುತ್ತದೆ ನೋಡಿ, ಹಲ್ಲು ಜುಮ್ಮೆನ್ನಿಸುವಂಥದ್ದು. ದೀಪ ತೊಳೆಯುವ ದಿನ ನಿಮ್ಮ ಮನೆಯಲ್ಲೂ ಬಂದಿರುತ್ತದೆ. ನಮ್ಮ ಬ್ಯಾಡಗಿಯ ಗಾಳಿಯಲ್ಲಿ ಯಾವಾಗಲೂ ಒಂದಿಷ್ಟು ಮೆಣಸಿನಕಾಯಿ ಇದ್ದೇ ಇರುತ್ತದೆ. ಹೊಸಬರು ಬಂದರೆ ಸೀನುತ್ತಾರೆ, ನಮಗದು ಗೊತ್ತೇ ಆಗುವುದಿಲ್ಲ. ಆ ಖಾರವನ್ನೂ ದಾಟಿಕೊಂಡು ಬಂದ ಈ ಹುಳಿ ವಾಸನೆ ನನ್ನನ್ನು ನಲವತ್ತು ವರ್ಷ ಹಿಂದಕ್ಕೆ, ರಾಣೆಬೆನ್ನೂರಿನ ಒಂದು ಮಹಡಿಯ ಮೇಲಕ್ಕೆ ಕರೆದುಕೊಂಡು ಹೋಗಿ ಕೂರಿಸಿತು.

ಹದಿನೇಳು ಗೆಜ್ಜೆ. ಒಂದೊಂದೇ ಹೊಳೆಯತೊಡಗಿದ ಹಾಗೆ ನನಗೆ ಹೆದರಿಕೆ ಹೆಚ್ಚತೊಡಗಿತು. ಟೀಚರಿಗೆ ಈಗ ಎಪ್ಪತ್ತೆರಡು. ಇವನ್ನು ಮತ್ತೆ ಹೊಲಿಸಿ, ಕಾಲಿಗೆ ಕಟ್ಟಿಕೊಂಡು ಕುಣಿಯುತ್ತೇನೆ ಎಂದುಬಿಟ್ಟರೆ? ಬೇಡ ಎನ್ನುವ ಅಧಿಕಾರ ಬೇರೆ ಯಾರಿಗಾದರೂ ಇರಬಹುದು, ನನಗಂತೂ ಇಲ್ಲ. ಯಾಕೆ ಇಲ್ಲ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಹುಟ್ಟಾ ಅಂಜುಬುರುಕಿ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಬಂದವಳು. ಕಾನ್ವೆಂಟಿನಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ ಕ್ರಿಸ್‌ಮಸ್ ನಾಟಕದಲ್ಲಿ ನನಗೆ ಕುರಿಯ ಪಾತ್ರ ಕೊಟ್ಟಿದ್ದರು. ಮಾತಿಲ್ಲ, ಕುಣಿತವಿಲ್ಲ, ಹತ್ತಿ ಅಂಟಿಸಿಕೊಂಡು ಮೂಲೆಯಲ್ಲಿ ಕೂತರೆ ಸಾಕು. ಪರದೆ ಸರಿದು ಜನರ ಮುಖ ಕಂಡದ್ದೇ ತಡ, ಕುರಿ ಎದ್ದು ವೇದಿಕೆಯಿಂದ ಇಳಿದು ಗೇಟಿನವರೆಗೆ ಓಡಿತು. ವಾಚ್‌ಮನ್ ಹಿಡಿದು ತಂದ. ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ನನ್ನ ಕಣ್ಣೊರೆಸುತ್ತ, "ಕಳೆದುಹೋದ ಕುರಿ ಸಿಕ್ಕಿತಲ್ಲ, ಅಷ್ಟು ಸಾಕು" ಎಂದರು. ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಮಾತ್ರ ಆ ಹೆಸರು ಹತ್ತನೇ ಇಯತ್ತೆ ಮುಗಿಯುವವರೆಗೂ ಅಂಟಿಕೊಂಡಿತು.

ಈ ಅಂಜಿಕೆ ಬಿಡಲೆಂದೇ ಅಮ್ಮ ನನ್ನನ್ನು ವತ್ಸಲಾ ಟೀಚರ್ ಹತ್ತಿರ ಭರತನಾಟ್ಯಕ್ಕೆ ಹಾಕಿದಳು. ಓಣಿಯವರೆಲ್ಲ ಅವರನ್ನು 'ಕುಣಿಯೋ ಅಕ್ಕೋರು' ಎನ್ನುತ್ತಿದ್ದರು. ನಮಗೆ ಕಾನ್ವೆಂಟಿನ ರೂಢಿ, ಸಿಸ್ಟರ್ ಅಲ್ಲದವರೆಲ್ಲ ಟೀಚರ್. ಮೂವತ್ತರ ಆಚೀಚಿನ ಹೆಂಗಸು, ಗಂಡ ರೈಲ್ವೆಯಲ್ಲಿ. ಸ್ಟೇಶನ್ ರಸ್ತೆಯ ಒಂದು ಮಹಡಿಯ ಮೇಲೆ, ಮಣೆಯ ಮುಂದೆ ಕೂತು ಕೋಲಿನಿಂದ ತಾಳ ತಟ್ಟುತ್ತಿದ್ದರು. ಕೋಲು ಒಂದೇ ಕಡೆ ಬಿದ್ದು ಬಿದ್ದು ಮಣೆಯಲ್ಲಿ ಸಣ್ಣ ಗುಳಿ ಆಗಿತ್ತು. ಪಾಠದ ಬಿಡುವಿನಲ್ಲಿ ನಾವು ಆ ಗುಳಿಯಲ್ಲಿ ಹುಣಸೆಬೀಜ ಇಡುತ್ತಿದ್ದೆವು.

ಅವರ ಹತ್ತಿರ ಒಂದು ಪದ್ಧತಿ ಇತ್ತು. ಬೇರೆಲ್ಲಾದರೂ ಇದೆಯೋ ಇಲ್ಲವೋ ನನಗೆ ತಿಳಿಯದು. ಹುಡುಗಿ ಮೊದಲ ಸಲ ವೇದಿಕೆ ಹತ್ತಿ ಕುಣಿದು ಇಳಿದ ಮೇಲೆ ತನ್ನ ಕಾಲಿನ ಪಟ್ಟಿಯಿಂದ ಒಂದು ಗೆಜ್ಜೆ ಬಿಚ್ಚಿ ಟೀಚರಿಗೆ ಕೊಡಬೇಕು. ಟೀಚರ್ ಅದನ್ನು ತಮ್ಮ ಪಟ್ಟಿಗೆ ಹೊಲಿಸಿಕೊಳ್ಳುತ್ತಿದ್ದರು. ಹೀಗೆ ಅವರ ವಯಸ್ಸು ಏರಿದ ಹಾಗೆ ಅವರ ಗೆಜ್ಜೆಯ ಭಾರವೂ ಏರುತ್ತ ಹೋಯಿತು. ಐದು ಸಾಲಿನ ಪಟ್ಟಿ ಆರು ಸಾಲಿನದಾಯಿತು, ಆಮೇಲೆ ಏಳು ಸಾಲಿನದಾಯಿತು. ಯಾವುದು ಯಾರದೆಂದು ಅವರಿಗೆ ಬೆರಳಲ್ಲೇ ಗೊತ್ತು. "ಇದು ಶಕುಂತಲಾಂದು, ದನಿ ಸ್ವಲ್ಪ ದಪ್ಪ. ಇದು ನಸೀಮಾಂದು, ನೋಡು ಎಷ್ಟು ಸಣ್ಣಗ ನುಡೀತದ."

ನನ್ನದು ಅದರಲ್ಲಿ ಇಲ್ಲ. ನನ್ನ ಮೊದಲ ವೇದಿಕೆಯ ದಿನ ನನಗೆ ಜ್ವರ ಬಂತು. ಎರಡನೇ ಸಲ ಹೊರಟಾಗಲೂ ಬಂತು. ಥರ್ಮಾಮೀಟರಿಟ್ಟು ನೋಡಿದರೆ ಖರೇ ಜ್ವರವೇ. ಮೂರನೇ ಸಲ ಟೀಚರ್ ನನ್ನ ಹಣೆ ಮುಟ್ಟಿ ನೋಡಿ, ಬೈಯದೆ, "ಇರ್ಲಿ ಬಿಡು. ನೀ ಗೆಜ್ಜಿ ಕಾಯಿ" ಎಂದರು. ಅಂದಿನಿಂದ ಎಲ್ಲರ ಗೆಜ್ಜೆ ತಿಕ್ಕುವುದು, ಬಿಸಿಲಿಗೆ ಒಣಗಿಸುವುದು, ಎಣಿಸುವುದು, ಕಾರ್ಯಕ್ರಮದ ದಿನ ಪರದೆಯ ಹಿಂದೆ ಮಂಡಿಯೂರಿ ಕಟ್ಟುವುದು ನನ್ನ ಕೆಲಸವಾಯಿತು. ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೂ ಬಿಡಲಿಲ್ಲ. ಟೀಚರ್ ಕಾರ್ಯಕ್ರಮ ಎಂದರೆ ಒಂದು ಚೀಲ ಹಿಡಿದು ಪ್ಯಾಸೆಂಜರ್ ರೈಲು ಹತ್ತುತ್ತಿದ್ದೆ. "ನಿಮ್ಮ ಟೀಚರಿಗೆ ನೀ ಒಬ್ಬಾಕಿ ಪೂಜಾರಿ ಇದ್ದಂಗ" ಎಂದು ಇವರು ನಗುತ್ತಿದ್ದರು.

ಮೂರು ವರ್ಷದ ಹಿಂದೆ ಹಾವೇರಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಟೀಚರಿಗೆ ಕರೆ ಬಂತು. ಅವರಿಗಾಗ ಅರವತ್ತೊಂಬತ್ತು. ಎಡಮೊಣಕಾಲು ಬಾತು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದ ಕಾಲ. ಡಾಕ್ಟರು, "ಕಲಿಸ್ರಿ, ಕುಣೀಬ್ಯಾಡ್ರಿ" ಎಂದಿದ್ದರು. ಸಂಘಟಕರು ಬಹಳ ಗೌರವದಿಂದ, ಶಬರಿಯ ಪಾತ್ರ ಮಾಡಿದರೆ ಚೆನ್ನ, ಕೂತುಕೊಂಡೇ ಅಭಿನಯ ಮಾಡಬಹುದು ಎಂದು ಸೂಚಿಸಿದ್ದರು. ನಾನು ಹೋದಾಗ ಟೀಚರ್ ಆ ಮಾತನ್ನೇ ಹಿಡಿದುಕೊಂಡು ಕುದಿಯುತ್ತಿದ್ದರು.

"ಮುದುಕಿ ಆದ ಕೂಡ್ಲೆ ಶಬರಿ ಆಗ್ಬೇಕಂತ ಯಾರು ಬರದಿಟ್ಟಾರ? ಮೂವತ್ತು ವರ್ಷದಾಕಿ ಇದ್ದಾಗ ನಾ ಶಬರಿ ಮಾಡೀನಿ. ಆವಾಗ ಯಾರೂ ವಯಸ್ಸಿಗೆ ಒಪ್ಪೂದಿಲ್ಲ ಅನ್ನಲಿಲ್ಲ."

"ಮತ್ತ ಏನು ಮಾಡ್ತೀರಿ?" ಎಂದೆ.

"ಹದಿನಾರು ವರ್ಷದ ಹುಡುಗಿ. ಗೆಳತಿ ಮ್ಯಾಲ ಸಿಟ್ಟಾದಾಕಿ."

"ಮೊಣಕಾಲಿಗೆ ಅರವತ್ತೊಂಬತ್ತು ಆಗೇದಲ್ಲರೀ ಟೀಚರ್."

"ಅದಕ್ಕ ನಾ ಇನ್ನೂ ಹೇಳಿಲ್ಲ."

ಅವರು ನಕ್ಕರು, ನನಗೆ ನಗು ಬರಲಿಲ್ಲ. ನಾನು ಅವರ ಮೊಣಕಾಲು ನೋಡುತ್ತಿದ್ದೆ. ಕೆಳಗಿನ ಮನೆಗೆ ಬಾಡಿಗೆಗೆ ಬಂದವರ ಕೂಸು ಏಳುತ್ತದೆಂದು ಅವರು ಗೆಜ್ಜೆ ಕಟ್ಟದೆ, ಚಾಪೆಯ ಮೇಲೆ, ಬರಿಗಾಲಲ್ಲಿ ಅಭ್ಯಾಸ ಮಾಡುತ್ತಿದ್ದರು. ಎಡಗಾಲು ಎತ್ತಿದಾಗಲೆಲ್ಲ ಕೆಳತುಟಿ ಒಂದಿಷ್ಟು ಒಳಗೆ ಹೋಗುತ್ತಿತ್ತು. ಅಭಿನಯ ಅಲ್ಲ ಅದು. ಊರಿಗೆ ಬಂದು ಮಲಗಿದರೂ ನನ್ನ ಕಣ್ಣೆದುರು ಆ ತುಟಿಯೇ. ಬರಿಗಾಲಿಗೇ ಹೀಗಾದರೆ, ಮೇಲೆ ಏಳು ಸಾಲು ಗೆಜ್ಜೆ ಬಿಗಿದರೆ?

ಅದೇ ಹೊತ್ತಿಗೆ ಟೀಚರ್, ಪಟ್ಟಿಯ ಚರ್ಮ ಹರಿದಿದೆ, ಖಾದರ್ ಚಾಚಾನ ಹತ್ತಿರ ಹೊಸದು ಹಾಕಿಸು ಎಂದು ನನ್ನ ಕೈಗೆ ಕೊಟ್ಟರು. ಖಾದರ್ ಚಾಚಾ ಒಂದು ಕಾಲಕ್ಕೆ ಟಾಂಗಾದ ಕುದುರೆಗಳಿಗೆ ಚರ್ಮದ ಸಾಮಾನು ಹೊಲಿಯುತ್ತಿದ್ದವನು. ಸ್ಟೇಶನ್ ಮುಂದೆ ಈಗ ಟಾಂಗಾ ಇಲ್ಲ, ಆಟೋಗಳ ಸಾಲು. ಚಾಚಾ ಸ್ಕೂಲ್ ಬ್ಯಾಗಿನ ಝಿಪ್ಪು ಹಾಕಿಕೊಂಡಿದ್ದಾನೆ. ಟೀಚರ್ ಗೆಜ್ಜೆ ಮಾತ್ರ ಮೊದಲಿನಿಂದಲೂ ಅವನ ಕೈಯಲ್ಲೇ.

ಅಂಗಡಿಯ ಮೆಟ್ಟಿಲ ಮೇಲೆ ಕೂತು ನಾನು ಆ ಮಾತು ಆಡಿಬಿಟ್ಟೆ. "ಚಾಚಾ, ಎಡಗಾಲಿನ ಪಟ್ಟಿಯೊಳಗ ಮ್ಯಾಲಿನ ಒಂದು ಸಾಲು ತಗದುಬಿಡು. ಟೀಚರಿಗೆ ಹೇಳಬ್ಯಾಡ."

ಅವನು ಕನ್ನಡಕದ ಮೇಲಿಂದ ನೋಡಿದ. "ಎಡಗಾಲಿಂದಷ್ಟ ಯಾಕ ಬೇಟಿ?"

"ನೋವು ಇರೂದು ಆ ಕಾಲಾಗ."

"ಕುದ್ರಿಗೆ ಒಂದು ಬಾಜೂ ಹಗುರ ಆತಂದ್ರ ಗಾಡಿ ಓರೆ ಹೋಕ್ಕೈತಿ."

"ಟೀಚರ್ ಕುದುರಿ ಅಲ್ಲ ಚಾಚಾ."

"ಅದ ನಾನೂ ಹೇಳೂದು. ಕುದ್ರಿಗೆ ನಾಕು ಕಾಲು, ಅವರಿಗೆ ಎರಡ."

ಆದರೂ ತೆಗೆದುಕೊಟ್ಟ. ನಾನು ಹಟ ಮಾಡುವುದು ಅಪರೂಪ, ಹಾಗಾಗಿ ಮಾಡಿದಾಗ ಜನ ಕೇಳಿಬಿಡುತ್ತಾರೆ. ಹದಿನೇಳು ಗೆಜ್ಜೆ ಕಾಗದದಲ್ಲಿ ಸುತ್ತಿ ಕೊಟ್ಟ. ಕೈಯಲ್ಲಿ ಹಿಡಿದರೆ ಕಾಲು ಕಿಲೋ ಕೂಡ ಇಲ್ಲ. ಇಷ್ಟಕ್ಕೇನು ಇಷ್ಟು ಹೆದರಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ಮೇಲಿನ ಸಾಲೆಂದರೆ ಹುಡುಗಿಯರು ಕೊಟ್ಟ ಗೆಜ್ಜೆಗಳ ಸಾಲು. ಅದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಗೊತ್ತಿತ್ತು. ತೆಗೆಯಲು ಸುಲಭ ಎಂದು ಆ ಸಾಲನ್ನು ತೋರಿಸಿದೆನೋ, ಅಲ್ಲಿ ನನ್ನದೊಂದೂ ಇಲ್ಲ ಎಂದು ತೋರಿಸಿದೆನೋ, ಈಗಲೂ ನಾನು ಆ ಪ್ರಶ್ನೆಯನ್ನು ಪೂರ್ತಿ ಕೇಳಿಕೊಳ್ಳುವ ಮೊದಲೇ ಬೇರೆ ಕೆಲಸಕ್ಕೆ ಏಳುತ್ತೇನೆ.

ಹಾವೇರಿಯ ಆ ಸಂಜೆ ಪರದೆಯ ಹಿಂದೆ ಮಂಡಿಯೂರಿ ಟೀಚರ್ ಕಾಲಿಗೆ ಗೆಜ್ಜೆ ಕಟ್ಟಿದೆ. ಅವರಿಗೆ ಬಗ್ಗಿ ನೋಡಲು ಆಗುವುದಿಲ್ಲ. ಎದ್ದು ನಿಂತು ಎರಡು ಹೆಜ್ಜೆ ಹಾಕಿ ತಡೆದರು.

"ಪಟ್ಟಿ ಬ್ಯಾರೆ ಅನಸ್ತದಲ್ಲ?"

"ಚರ್ಮ ಹೊಸಾದರೀ ಟೀಚರ್" ಎಂದೆ. ಅದು ಸುಳ್ಳಲ್ಲ. ಸುಳ್ಳಲ್ಲದ ಮಾತು ಆರಿಸಿ ಹೇಳುವುದನ್ನು ನಾನು ಎಲ್ಲಿ ಕಲಿತೆನೋ. ಅಷ್ಟರಲ್ಲಿ ಹೆಸರು ಕರೆದರು.

ಮೊದಲ ಐದು ನಿಮಿಷ ನಾನು ಹೆದರಿದ್ದೆಲ್ಲ ದಂಡ ಎನ್ನಿಸಿತು. ಪರದೆಯ ಸಂದಿಯಿಂದ ನೋಡುತ್ತಿದ್ದೆ. ಮುಖದ ಸುಕ್ಕು ಸುಕ್ಕಾಗಿಯೇ ಇತ್ತು, ಆದರೆ ಆ ಕತ್ತು ಕೊಂಕಿಸಿದ ರೀತಿ, ಗೆಳತಿಗೆ ಬೆನ್ನು ತಿರುಗಿಸಿ ಮತ್ತೆ ಓರೆಗಣ್ಣಿನಿಂದ ನೋಡಿದ ರೀತಿ! ಮುಂದಿನ ಸಾಲಿನಲ್ಲಿ ಕೂತ ಕಾಲೇಜಿನ ಹುಡುಗಿಯರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಆಮೇಲೆ ಲಯ ದುಪ್ಪಟ್ಟಾಯಿತು. ಹಾಡು ರೆಕಾರ್ಡಿನದು, ಯಾರಿಗೂ ಕಾಯುವಂಥದ್ದಲ್ಲ. ಬಲಗಾಲು ಸರಿಯಾಗಿ ತಾಳಕ್ಕೆ ಬಿತ್ತು. ಎಡಗಾಲು ತಾಳಕ್ಕಿಂತ ಮೊದಲೇ ಎದ್ದಿತು. ಇಷ್ಟು ವರ್ಷ ಅಷ್ಟು ಭಾರಕ್ಕೆಂದು ಎತ್ತಿ ರೂಢಿಯಾದ ಕಾಲು ಅದು. ಭಾರ ಇಲ್ಲದ್ದಕ್ಕೆ ಮೇಲೆ ಹಾರಿ, ಸಮ ತಪ್ಪಿ, ಓರೆಯಾಗಿ ನೆಲಕ್ಕೆ ಬಿತ್ತು. ಟೀಚರ್ ಬಲಕ್ಕೆ ವಾಲಿದರು. ಸಭೆಯಲ್ಲಿ ಯಾರೋ "ಅಯ್ಯ" ಎಂದರು. ನಾನು ಪರದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಓಡಿಹೋಗಿ ಹಿಡಿಯಬೇಕಿತ್ತು. ಕಾಲು ಬರಲಿಲ್ಲ.

ವಾಲುತ್ತಿದ್ದ ಟೀಚರ್ ಬಲಗೈ ಚಾಚಿ, ಅಲ್ಲಿಲ್ಲದ ಗೆಳತಿಯ ಭುಜ ಹಿಡಿದು, "ಹೋಗು ಅತ್ತ" ಎನ್ನುವಂತೆ ನೂಕಿ, ಆ ನೂಕಿದ ರಭಸದಲ್ಲೇ ತಿರುಗಿ ನೆಟ್ಟಗೆ ನಿಂತರು. ಜನ ಚಪ್ಪಾಳೆ ತಟ್ಟಿದರು. ಹಾಡಿನ ಮುಂದಿನ ಸಾಲು ಬರುವವರೆಗೆ ಕಾಲು ಕದಲಿಸದೆ, ಕಣ್ಣು ಮತ್ತು ಕೈಯಲ್ಲೇ ಸಿಟ್ಟು ತೋರಿಸುತ್ತ ಕಾದರು. ಹಾಡು ತಮ್ಮ ಹತ್ತಿರ ಬಂದಾಗ ಮತ್ತೆ ಅದರೊಳಗೆ ಸೇರಿಕೊಂಡರು. ಹತ್ತು ನಿಮಿಷ ಅದೇ ಕಾಲಲ್ಲಿ ಕುಣಿದು ಮುಗಿಸಿದರು.

ಒಳಗೆ ಬಂದು ಕುರ್ಚಿಯಲ್ಲಿ ಕೂತು ನೀರು ಕುಡಿದು, "ಎಷ್ಟು ತಗದಿ?" ಎಂದರು.

"ಹದಿನೇಳರೀ."

"ಒಂದ ಕಾಲಿಂದ?"

"ಎಡಗಾಲು ನೋಯ್ತದಲ್ಲರೀ, ಅದಕ್ಕ..."

ಅವರು ಲೋಟ ಕೆಳಗಿಟ್ಟರು. "ಸಂತಿಯಿಂದ ಎರಡೂ ಕೈಯಾಗ ಚೀಲ ಹಿಡ್ಕೊಂಡು ಬರಾಕತ್ತಿರ್ತಿ. ಹಿಂದಿಂದ ಯಾರರ ಬಂದು ಒಂದು ಚೀಲ ಕಸ್ಗೊಂಡ್ರ ಮುಗ್ಗರಸ್ತಿಯೋ ಇಲ್ಲೋ?"

ನಾನು ಅಳುತ್ತಿದ್ದೆ. ಅವರು ಬಗ್ಗಲಾರದೆ ಬಗ್ಗಿ, ಪಟ್ಟಿಯ ಮೇಲಿನ ಅಂಚಿನಲ್ಲಿ ಬೆರಳಾಡಿಸಿದರು. "ಗಿರಿಜಾಂದೂ ಹೋತು" ಎಂದರು. ಗಿರಿಜಾ ನಮ್ಮ ಬ್ಯಾಚಿನವಳು. ತೀರಿಕೊಂಡು ಎಂಟು ವರ್ಷವಾಗಿತ್ತು. "ಕೇಳಿದ್ರ ನಾನ ತಗೀತಿದ್ದೆ, ಹುಡುಗಿ. ನೀ ಕೇಳಲಿಲ್ಲ."

ಕಾರಿನಲ್ಲಿ ರಾಣೆಬೆನ್ನೂರಿಗೆ ಹೊರಟಾಗ ಅವರ ಎಡಗಾಲು ನನ್ನ ತೊಡೆಯ ಮೇಲಿತ್ತು. ಮೋಟೆಬೆನ್ನೂರು ದಾಟುವಷ್ಟರಲ್ಲಿ ಮೊಣಕಾಲು ಸೀರೆಯ ಮೇಲಿಂದಲೇ ಕಾಣುವಷ್ಟು ಬಾತಿತ್ತು. ಆಮೇಲೆ ಮೂರು ತಿಂಗಳು ಅವರು ಮಹಡಿ ಇಳಿಯಲಿಲ್ಲ. ನಾನು ವಾರಕ್ಕೊಮ್ಮೆ ಹೋಗಿ ಬಿಸಿನೀರಿನ ಶಾಖ ಕೊಟ್ಟು ಬರುತ್ತಿದ್ದೆ. ಅವರು ಇನ್ನು ಕುಣಿಯದಿದ್ದರೆ ಅದಕ್ಕೆ ಕಾರಣ ವಯಸ್ಸಲ್ಲ, ನಾನು. ಈ ಮಾತನ್ನು ಇವರಿಗೂ ಹೇಳಲಿಲ್ಲ, ಪಾದ್ರಿಗಳ ಹತ್ತಿರ ತಪ್ಪೊಪ್ಪಿಗೆ ಹೇಳುವ ಭಾಗ್ಯವೂ ನಮ್ಮಂಥವರಿಗಿಲ್ಲ. ಕಾನ್ವೆಂಟಿನಲ್ಲಿದ್ದಾಗ ಆ ಗೂಡಿನಂಥ ಕೋಣೆಯನ್ನು ಹೊರಗಿನಿಂದ ನೋಡಿ ಆಸೆಪಟ್ಟದ್ದಿದೆ. ಗೆಜ್ಜೆ ಹಿಂದಿರುಗಿಸಲು ಒಯ್ದಾಗ ಟೀಚರ್ ತೆಗೆದುಕೊಳ್ಳಲಿಲ್ಲ. "ನಿನ್ನ ಹಂತೇಕ ಇರ್ಲಿ" ಎಂದರು, ಅಷ್ಟೇ. ಬಲಗಾಲಿನದೂ ಒಂದು ಸಾಲು ತಾವೇ ಬಿಚ್ಚಿ ಸಮ ಮಾಡಿಕೊಂಡು, ಮುಂದಿನ ವರ್ಷ ಸಣ್ಣಪುಟ್ಟ ಕಡೆ ಮತ್ತೆ ಕುಣಿದರು. ನಾನು ಪ್ರತಿ ಸಲವೂ ಪರದೆ ಹಿಡಿದುಕೊಂಡೇ ನೋಡಿದೆ.

ಇಲ್ಲಿಯವರೆಗೆ ಬರೆದಿಟ್ಟು, ಡಬ್ಬಿ ಚೀಲಕ್ಕೆ ಹಾಕಿಕೊಂಡು, ಗ್ಯಾಸ್ ಎರಡು ಸಲ ನೋಡಿ, ಮಧ್ಯಾಹ್ನದ ರೈಲಿಗೆ ರಾಣೆಬೆನ್ನೂರಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ. ಬ್ಯಾಡರೀ ಟೀಚರ್, ಡಾಕ್ಟರು ಏನಂದಾರ ಕೇಳ್ರಿ, ಈ ಸಲ ನಾ ಕೇಳಾಕತ್ತೇನಿ.

ಮಹಡಿಯ ಮೇಲೆ ಖಾದರ್ ಚಾಚಾ ಕೂತಿದ್ದ. ಹಾಸಿದ ಪೇಪರಿನ ಮೇಲೆ ದಬ್ಬಣ, ಮೇಣದ ದಾರ, ಕೆಂಪು ಚರ್ಮದ ಎರಡು ಪಟ್ಟಿ. ಕೈ ಸ್ವಲ್ಪ ನಡುಗುತ್ತದೆ ಅವನಿಗೆ, ದಬ್ಬಣ ಹಿಡಿದರೆ ನಿಲ್ಲುತ್ತದೆ. ಪಟ್ಟಿ ತಯಾರಾಗಿಯೇ ಇದೆ, ಇನ್ನೇನು ಹೇಳುವುದು?

"ಟೀಚರ್, ಬ್ಯಾಡರೀ" ಎಂದೆ. ಜೋಡಿಸಿಕೊಂಡದ್ದರಲ್ಲಿ ಬಂದದ್ದು ಅಷ್ಟೇ.

"ಏನು ಬ್ಯಾಡ? ಮೊದಲ ಕೂಡು. ಕಾಲು ಚಾಚು."

"ಯಾರ ಕಾಲರೀ?"

"ನಂದು ಅಳತಿ ಚಾಚಾಗ ಗೊತ್ತದ."

ಚಾಚಾ ದಾರ ತಂದು ನನ್ನ ಕಣಕಾಲಿನ ಅಳತೆ ಹಿಡಿದ. ಟೀಚರ್ ಡಬ್ಬಿ ತೆರೆದು ಗೆಜ್ಜೆಗಳನ್ನು ಸೆರಗಿನಲ್ಲಿ ಸುರುವಿಕೊಂಡು ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸುತ್ತ ಹೇಳಿದರು. ಮುಂದಿನ ತಿಂಗಳು ಊರಲ್ಲೇ ಒಂದು ಕಾರ್ಯಕ್ರಮ ಇದೆ. ಅದೇ ಹುಡುಗಿ, ಅದೇ ಗೆಳತಿ. ಹಾವೇರಿಯಲ್ಲಿ ತಪ್ಪಿಗೆ ಹುಟ್ಟಿದ ಆ ನೂಕುವುದನ್ನು ಅವರು ಬಿಟ್ಟಿಲ್ಲ, ಆಮೇಲೆ ಮಾಡಿದಾಗೆಲ್ಲ ಬೇಕೆಂದೇ ಮಾಡಿದ್ದಾರೆ. "ಖರೇ ಹೇಳ್ತೀನಿ, ಈಗ ಗಾಳಿ ಹಿಡ್ಕೊಂಡು ತಿರಗೂದು ಆಗವಲ್ದು. ಅಲ್ಲೆ ಒಂದು ಭುಜ ಬೇಕು. ಗೆಳತಿ ನೀ ಆಗು. ಹನ್ನೊಂದು ಹೆಜ್ಜಿ, ಆಮ್ಯಾಲ ಗಟ್ಟಿ ನಿಲ್ಲೂದು."

"ನನಗ ಜ್ವರ ಬರ್ತದರೀ."

"ಬರ್ಲಿ. ಭುಜಕ್ಕ ಜ್ವರ ಬಂದ್ರ ನನಗೇನು ತ್ರಾಸು?"

ಚಾಚಾ ಕೆಮ್ಮುತ್ತ ನಕ್ಕ. ನಾನು ಮತ್ತೆ ಕೇಳಿದೆ, ನಾ ಹಿಡಿಯದೆ ಹೋದರೆ ನೀವು ಬೀಳುತ್ತೀರಲ್ಲ ಎಂದು.

"ಹೌದು, ಬೀಳ್ತೀನಿ" ಎಂದರು, ಅಡುಗೆಗೆ ಉಪ್ಪು ಹಾಕಿದೆ ಎನ್ನುವಷ್ಟು ಸಹಜವಾಗಿ. "ಇಷ್ಟು ವರ್ಷ ಪಡದಿ ಹಿಡ್ಕೊಂಡು ನಿಂತಿ. ಅದಕ್ಕೇನೂ ಆಗಿಲ್ಲ ನೋಡು, ಹರೀಲಿಲ್ಲ, ಬೀಳಲಿಲ್ಲ. ಹಿಡೀಲಿಕ್ಕೆ ನಿನಗ ಬರ್ತದ."

ಚಾಚಾ ಹೊಲಿಯುತ್ತ ಹೋದವನು ನಡುವೆ ನಿಲ್ಲಿಸಿದ. "ಅಕ್ಕೋರ, ಒಂದು ಕಾಲಿಗೆ ಒಂಬತ್ತು, ಒಂದಕ್ಕ ಎಂಟ ಆಗ್ತಾವ. ನಾ ಆವಾಗ ಹೇಳಿದ್ದೆ, ಓರೆ ಹೋಕ್ಕೈತಿ." ಹೇಳಿ ನನ್ನತ್ತ ನೋಡಿದ. ಮೂರು ವರ್ಷ ಈ ಮಾತನ್ನು ಇಟ್ಟುಕೊಂಡಿದ್ದ ಮುದುಕ.

ಟೀಚರ್ ತಮ್ಮ ಪಟ್ಟಿ ತರಿಸಿ, ಕೆಳಗಿನ ಸಾಲಿನಿಂದ, ಅವರ ಗುರುಗಳು ಕಟ್ಟಿಸಿಕೊಟ್ಟ ಹಳೆಯ ಸಾಲಿನಿಂದ, ಒಂದು ಗೆಜ್ಜೆ ಕತ್ತರಿಸಿ ಚಾಚಾನ ಅಂಗೈಯಲ್ಲಿ ಹಾಕಿದರು. "ಇದು ಉದ್ರಿ" ಎಂದರು ನನಗೆ. "ಕುಣದು ಇಳದ ಮ್ಯಾಲ ತಿರುಗಿ ಕೊಡು."

ಸಂಜೆಯ ರೈಲಿನಲ್ಲಿ ಕಿಟಕಿಯ ಹತ್ತಿರ ಕೂತು ಬಂದೆ. ಹೆದರಿಕೆ ಹೋಗಿಲ್ಲ. ಹಣೆ ಮುಟ್ಟಿಕೊಂಡರೆ ಈಗಲೇ ಒಂದಿಷ್ಟು ಬೆಚ್ಚಗಿದ್ದ ಹಾಗೆ. ಆದರೆ ಪರದೆ ಹಿಡಿದು ನೋಡುವ ಹೆದರಿಕೆಗೆ ಮಾಡಲು ಏನೂ ಕೆಲಸ ಇರಲಿಲ್ಲ. ಇದಕ್ಕೆ ಹನ್ನೊಂದು ಹೆಜ್ಜೆ ಕಲಿಯುವ ಕೆಲಸವಿದೆ. ಮಡಿಲ ಮೇಲಿನ ಚೀಲ ರೈಲು ಅಲುಗಿದಾಗಲೆಲ್ಲ ಘಲ್ ಎನ್ನುತ್ತಿತ್ತು. ಎದುರಿಗೆ ಕೂತ ರೈತರೊಬ್ಬರು ಸ್ವಲ್ಪ ಹೊತ್ತು ಚೀಲವನ್ನೇ ನೋಡಿದರು. ನಮ್ಮ ಕಡೆ ಇಂಥ ಸದ್ದು ಕೇಳಿದರೆ ಯಾರಿಗೂ ಮೊದಲು ನೆನಪಾಗುವುದು ಓಟಕ್ಕೆ ಬಿಡುವ ಹೋರಿಯ ಕೊರಳೇ.

"ಹೋರಿಗೇನ್ರೀ ಅಕ್ಕಾರ?" ಎಂದರು.

"ಅಲ್ಲರೀ" ಎಂದೆ. "ನನಗ."

ಅವರು ನನ್ನ ನರೆಗೂದಲು ನೋಡಿ, ಆಮೇಲೆ ಕಾಲು ನೋಡಿದರು. ನಾನು ಪಾದಗಳನ್ನು ಸೀರೆಯೊಳಗೆ ಎಳೆದುಕೊಳ್ಳಲಿಲ್ಲ.